ಪಾದರಕ್ಷೆಯ ಕಾಯಕಯೋಗಿ ಯಾನ್ ಮಾಟ್ಸೆಲಿಗರ್

ಪಾದರಕ್ಷೆಯು ಕಾಲಿಗೆ ತೊಡುವ ವಸ್ತುವೆಂದು ಅದನ್ನು ಕೀಳಾಗಿ ಕಾಣುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅದನ್ನು ಮಾಡುವ ಕೈಯನ್ನೂ ಕೀಳೆಂದು ಎಣಿಸಿದವರು ಅವರೇ. ಶರಣ ಹರಳಯ್ಯನವರನ್ನು ನೆನೆಯುವ ಮನೆಗಳಲ್ಲಿ ಇಂಥ ಎಣಿಕೆಗೆ ಎಡೆಯಿಲ್ಲ. ತೊಗಲಿನ ಕೆಲಸವೂ ನಿಷ್ಠೆಯಿಂದ ನಡೆದಾಗ ಕಾಯಕವೇ ಆಗುವುದು. ಕಲ್ಯಾಣದಿಂದ ಬಹು ದೂರದ ಅಮೆರಿಕ ದೇಶದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ, ಅದೇ ಕೆಲಸವನ್ನು ಕೈಗೊಂಡು, ಬಡವನ ಕಾಲಿಗೂ ಒಳ್ಳೆಯ ಬೂಟು ಎಟಕುವಂತೆ ಮಾಡಿದ ಪುರುಷನೊಬ್ಬನಿದ್ದನು. ಆತನ ಹೆಸರು ಯಾನ್ ಅರ್ನ್ಸ್ಟ್ ಮಾಟ್ಸೆಲಿಗರ್. ಬೂಟಿನ ಗುಣವನ್ನು ಅರಿಯುವ ಬಗೆಯೂ, ಮನುಷ್ಯನ ಗುಣವನ್ನು ಅರಿಯಲಾರದ ಲೋಕದ ಕುರುಡೂ ಆತನ ಬಾಳಿನಲ್ಲಿ ಒಟ್ಟಿಗೇ ಕಾಣಸಿಗುತ್ತವೆ.

ಮಾಟ್ಸೆಲಿಗರನು ೧೮೫೨ನೆಯ ಸೆಪ್ಟೆಂಬರ್ ೧೫ರಂದು ದಕ್ಷಿಣ ಅಮೆರಿಕದ ಸುರಿನಾಮ್ ಸೀಮೆಯ ಪ್ಯಾರಾಮರಿಬೊ ಪಟ್ಟಣದಲ್ಲಿ ಜನಿಸಿದನು. ಆಗ ಆ ಸೀಮೆ ಡಚ್ಚರ ಆಳ್ವಿಕೆಯಲ್ಲಿತ್ತು. ತಂದೆ ಡಚ್ ಯಂತ್ರಶಿಲ್ಪಿ. ತಾಯಿ ಆಫ್ರಿಕ ಮೂಲದ ಕಪ್ಪು ಮೈಬಣ್ಣದ ಹೆಣ್ಣುಮಗಳು. ಮನುಷ್ಯರನ್ನು ದನಗಳಂತೆ ಕೊಂಡು ಮಾರುವ ಪದ್ಧತಿ ಆ ನಾಡಿನಲ್ಲಿ ಕಾನೂನಿನಿಂದ ನಿಂತದ್ದು ೧೮೬೩ರಲ್ಲಿ. ಹತ್ತು ವರ್ಷದ ಬಾಲಕನಾಗಿರುವಾಗಲೇ ಯಾನ್ ಯಂತ್ರಾಗಾರವನ್ನು ಹೊಕ್ಕು, ಕಬ್ಬಿಣದ ಭಾಷೆಯನ್ನು ಕಲಿತನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಡಗಿನ ಕೆಲಸಕ್ಕೆ ಸೇರಿ ಕಡಲನ್ನು ದಾಟಿದನು. ಕೆಲಕಾಲ ಫಿಲಡೆಲ್ಫಿಯ ನಗರದಲ್ಲಿದ್ದು, ೧೮೭೭ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಲಿನ್ ಎಂಬ ಊರಿಗೆ ಬಂದನು.

ಲಿನ್ ಎಂದರೆ ಬೂಟಿನ ಊರು. ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಅಟ್ಟೆ ಹೊಲಿಯುವ ಯಂತ್ರವನ್ನು ನಡೆಸುವ ಕೆಲಸ ಆತನಿಗೆ ದೊರೆಯಿತು. ಇಂಗ್ಲಿಷ್ ಭಾಷೆ ಅಷ್ಟಾಗಿ ಬಾರದು; ಬಂಧುಗಳಿಲ್ಲ; ಮೈಬಣ್ಣವನ್ನು ಕಂಡು ಮುಖ ತಿರುಗಿಸುವ ಜನ. ಹಗಲೆಲ್ಲ ದುಡಿದು, ರಾತ್ರಿಯ ಹೊತ್ತು ಆತನು ಭಾಷೆಯನ್ನೂ ಯಂತ್ರಶಾಸ್ತ್ರವನ್ನೂ ಅಭ್ಯಾಸ ಮಾಡಿದನು.

ಆತನು ಮಾಡಿದುದರ ಹಿರಿಮೆ ತಿಳಿಯಬೇಕಾದರೆ ಒಳ್ಳೆಯ ಬೂಟು ಎಂದರೇನೆಂಬುದನ್ನು ಮೊದಲು ಅರಿಯಬೇಕು. ಅಂಗಡಿಯ ದೀಪದ ಕೆಳಗೆ ಎಲ್ಲ ಬೂಟುಗಳೂ ಹೊಳೆಯುತ್ತವೆ. ಹೊಳಪು ಬಣ್ಣದ ಗುಣ, ತೊಗಲಿನ ಗುಣವಲ್ಲ. ಬಲ್ಲವನು ಬೂಟನ್ನು ಕೈಗೆತ್ತಿಕೊಂಡು ಬೆರಳು ಮಡಿಸುವೆಡೆಯಲ್ಲಿ ಮೆಲ್ಲನೆ ಬಾಗಿಸುವನು. ಮೇಲ್ಪದರವನ್ನು ಉಜ್ಜಿ ತೆಗೆಯದ ಒಳ್ಳೆಯ ತೊಗಲಾದರೆ ಅಲ್ಲಿ ನವಿರಾದ ಗೆರೆಗಳು ಮೂಡಿ ಮತ್ತೆ ಮಾಯುವುವು. ಹುಳುಕನ್ನು ಉಜ್ಜಿ, ದಪ್ಪನಾದ ಬಣ್ಣದ ಲೇಪದಿಂದ ಮುಚ್ಚಿದ ತೊಗಲಾದರೆ ಒರಟು ಮಡಿಕೆ ಬೀಳುವುದು. ಕೆಲವು ದಿನಗಳಲ್ಲಿಯೇ ಲೇಪವು ಬಿರಿಯುವುದು. ಆಮೇಲೆ ಅಟ್ಟೆಯನ್ನು ನೋಡುವನು. ಬರಿಯ ಅಂಟಿನಿಂದ ಕೂಡಿಸಿದ ಅಟ್ಟೆ ಸವೆದಾಗ ಬೂಟಿನ ಆಯುಸ್ಸೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುವುದು. ಮೇಲಿನ ತೊಗಲನ್ನೂ ಒಳ ಅಟ್ಟೆಯನ್ನೂ ಒಂದು ತೊಗಲಿನ ಪಟ್ಟಿಗೆ ಹೊಲಿದು, ಆ ಪಟ್ಟಿಗೆ ಹೊರ ಅಟ್ಟೆಯನ್ನು ಬೇರೆಯಾಗಿ ಹೊಲಿದಿದ್ದರೆ, ಸವೆದ ಅಟ್ಟೆಯನ್ನು ಬಿಚ್ಚಿ ಹೊಸದನ್ನು ಹಾಕಿಸಬಹುದು. ಅಂಚಿನ ಸುತ್ತಲೂ ಕಾಣುವ ಹೊಲಿಗೆ ಇದರ ಗುರುತು. ಆದರೆ ಬರಿಯ ಅಂದಕ್ಕಾಗಿ ಹಾಕಿದ ಸುಳ್ಳು ಹೊಲಿಗೆಯೂ ಉಂಟು. ಹಾಗಾಗಿ ಹೊಲಿಗೆಯನ್ನು ಕಂಡ ಮಾತ್ರಕ್ಕೆ ಬಲ್ಲವನು ನಂಬುವುದಿಲ್ಲ.

ಇವೆಲ್ಲಕ್ಕಿಂತ ಮೂಲವಾದ ಗುಣ ಇನ್ನೊಂದಿದೆ. ಅದು ಆಕಾರ. ಪಾದದ ರೂಪದಲ್ಲಿ ಕೆತ್ತಿದ ಮರದ ಅಚ್ಚಿನ ಮೇಲೆ ತೊಗಲನ್ನು ಹಾಸಿ, ಇಕ್ಕಳದಿಂದ ಹಿಡಿದು ಎಳೆದು, ಅಂಚನ್ನು ಒಳ ಅಟ್ಟೆಯ ಕೆಳಗೆ ಮಡಿಸಿ, ಸಣ್ಣ ಮೊಳೆಗಳಿಂದ ಭದ್ರಪಡಿಸಬೇಕು. ಒಂದೆಡೆ ಬಿಗಿ, ಇನ್ನೊಂದೆಡೆ ಸಡಿಲವಾದರೆ ಬೂಟು ಸೊಟ್ಟಗಾಗುವುದು; ತೊಟ್ಟವನ ಕಾಲು ಕಚ್ಚುವುದು. ಬೆರಳಿನ ತುದಿಯ ಬಳಿಯಂತೂ ಹೆಚ್ಚಾದ ತೊಗಲು ಗುಂಪುಗೂಡುವುದರಿಂದ, ಅದನ್ನು ಸಮನಾದ ಚಿಕ್ಕ ಚಿಕ್ಕ ನೆರಿಗೆಗಳಾಗಿ ಹಂಚಿ ಅಡಗಿಸಬೇಕು. ಸಿದ್ಧವಾದ ಬೂಟಿನಲ್ಲಿ ಈ ಕೆಲಸ ಕಣ್ಣಿಗೆ ಬೀಳದು. ಜೋಡಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಒಂದರ ಪಡಿಯಚ್ಚಿನಂತಿದ್ದರೆ, ತುದಿಯಲ್ಲಿ ಉಬ್ಬುತಗ್ಗುಗಳಿಲ್ಲದಿದ್ದರೆ, ಆ ಕೆಲಸ ನೆಟ್ಟಗೆ ನಡೆದಿದೆಯೆಂದು ತಿಳಿಯಬೇಕು.

ಕತ್ತರಿಸುವುದಕ್ಕೂ ಹೊಲಿಯುವುದಕ್ಕೂ ಯಂತ್ರಗಳು ಬಂದಿದ್ದ ಆ ಕಾಲದಲ್ಲಿ ಅಚ್ಚಿಗೇರಿಸುವ ಕೆಲಸ ಮಾತ್ರ ನುರಿತ ಕೈಗಳಲ್ಲಿಯೇ ಉಳಿದಿತ್ತು. ಒಬ್ಬ ಕುಶಲಿ ದಿನಕ್ಕೆ ಹತ್ತು ಗಂಟೆ ದುಡಿದರೂ ಸುಮಾರು ೫೦ ಜೋಡಿಗಳನ್ನು ಮುಗಿಸುತ್ತಿದ್ದನು. ಉಳಿದ ಯಂತ್ರಗಳೆಲ್ಲ ಆತನಿಗಾಗಿ ಕಾಯಬೇಕಾಗುತ್ತಿತ್ತು. ಮನುಷ್ಯನ ಬೆರಳಿನ ಈ ಜಾಣ್ಮೆ ಯಂತ್ರಕ್ಕೆ ಎಂದೂ ಒಲಿಯದೆಂದೇ ಎಲ್ಲರೂ ನಂಬಿದ್ದರು. ಮಾಟ್ಸೆಲಿಗರನು ಆ ಕುಶಲಿಗಳ ಕೈಗಳನ್ನು ದಿನವೂ ಗಮನಿಸಿದನು. ಹಿಡಿಯುವುದು, ಎಳೆಯುವುದು, ತಿರುಗಿಸುವುದು, ಮಡಿಸುವುದು, ಮೊಳೆ ಹೊಡೆಯುವುದು, ಹೀಗೆ ಒಂದೊಂದು ಚಲನೆಯನ್ನೂ ಮನಸ್ಸಿನಲ್ಲಿ ಬಿಡಿಸಿಟ್ಟುಕೊಂಡನು.

ಬಾಡಿಗೆಯ ಕೋಣೆಯಲ್ಲಿ, ಚುಟ್ಟಾ ಪೆಟ್ಟಿಗೆಯ ಹಲಗೆ, ತಂತಿ, ಮೊಳೆಗಳಿಂದ ಆತನು ಮೊದಲನೆಯ ಮಾದರಿಯನ್ನು ಕಟ್ಟಿದನು. ಹೊಟ್ಟೆಗೆ ಕಡಿಮೆ ಮಾಡಿಕೊಂಡು ಉಳಿಸಿದ ಕಾಸೇ ಆತನ ಬಂಡವಾಳ. ಆ ಮರದ ಮಾದರಿಗೆ ಒಬ್ಬನು ೫೦ ಡಾಲರ್ ಕೊಡಲು ಬಂದನು. ಮುಂದೆ ಯಂತ್ರದ ಒಂದು ಭಾಗಕ್ಕೆ ೧,೫೦೦ ಡಾಲರ್ ಕೊಡುವವರೂ ಬಂದರು. ಹಸಿದಿದ್ದರೂ ಆತನು ಮಾರಲಿಲ್ಲ. ಕೆಲಸ ಪೂರ್ಣವಾಗದೆ ಫಲಕ್ಕೆ ಕೈಚಾಚುವುದು ಆತನಿಗೆ ಸಲ್ಲದ ಮಾತಾಗಿತ್ತು. ಕಬ್ಬಿಣದ ಯಂತ್ರವನ್ನು ಕಟ್ಟಲು ಹಣ ಸಾಲದೆ ಬಂದಾಗ ಮಾತ್ರ, ಇಬ್ಬರು ಸಿರಿವಂತರಿಗೆ ಮೂರರಲ್ಲಿ ಎರಡು ಪಾಲನ್ನು ಒಪ್ಪಿಸಿ ಕೆಲಸವನ್ನು ಮುಂದುವರಿಸಿದನು.

ಯಂತ್ರದ ನಕ್ಷೆಗಳು ಸರ್ಕಾರದ ಪೇಟೆಂಟ್ ಕಚೇರಿಯನ್ನು ಮುಟ್ಟಿದಾಗ ಅಲ್ಲಿಯವರಿಗೆ ಅವು ತಿಳಿಯಲೇ ಇಲ್ಲ. ಕೊನೆಗೆ ಒಬ್ಬ ಅಧಿಕಾರಿಯೇ ಲಿನ್ನಿಗೆ ಬಂದು, ಯಂತ್ರವು ನಡೆಯುವುದನ್ನು ಕಣ್ಣಾರೆ ಕಂಡು ಹೋದನು. ೧೮೮೩ನೆಯ ಮಾರ್ಚ್ ೨೦ರಂದು ೨,೭೪,೨೦೭ನೆಯ ಸಂಖ್ಯೆಯ ಪೇಟೆಂಟ್ ಆತನಿಗೆ ದೊರೆಯಿತು. ೧೮೮೫ನೆಯ ಮೇ ೨೯ರಂದು ಕಾರ್ಖಾನೆಯಲ್ಲಿ ನಡೆದ ಪರೀಕ್ಷೆಯಲ್ಲಿ ಯಂತ್ರವು ೭೫ ಜೋಡಿಗಳನ್ನು ಒಂದೂ ಕೆಡದಂತೆ ಅಚ್ಚಿಗೇರಿಸಿತು. ಕ್ರಮೇಣ ಸುಧಾರಿಸಿದ ಈ ಯಂತ್ರವು ದಿನಕ್ಕೆ ೧೫೦ರಿಂದ ೭೦೦ ಜೋಡಿಗಳವರೆಗೆ ಮುಗಿಸಬಲ್ಲದಾಯಿತು. ಬೂಟಿನ ಬೆಲೆ ಅರ್ಧದಷ್ಟು ಇಳಿಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಇದರಿಂದ ಕೈಕುಶಲಿಗಳ ಹಳೆಯ ಸಂಬಳವೂ ಗೌರವವೂ ಕುಗ್ಗಿದುದು ನಿಜ. ಅವರ ಅಳಲನ್ನೂ ಮರೆಯಬಾರದು. ಆದರೆ ಬಿಗಿಯಾಗಿ, ಸಮನಾಗಿ ಅಚ್ಚಿಗೇರಿದ ಬೂಟನ್ನು ಅಂದಿನವರೆಗೆ ಕಾಣದ ಸಾವಿರಾರು ದುಡಿಯುವ ಕಾಲುಗಳು ಅದನ್ನು ತೊಟ್ಟವು. ಬೆಲೆ ಇಳಿದರೆ ಗುಣವೂ ಇಳಿಯಲೇಬೇಕೆಂಬ ಮಾತು ಅಲ್ಲಿ ಸುಳ್ಳಾಯಿತು.

ಯಂತ್ರವನ್ನು ಊರೆಲ್ಲ ಹೊಗಳಿತು. ಅದನ್ನು ಕಂಡುಹಿಡಿದವನನ್ನೋ? ಆತನ ಮೈಬಣ್ಣವನ್ನು ಹಳಿಯುವ ಹೀನವಾದ ಅಡ್ಡಹೆಸರನ್ನೇ ಜನರು ಆ ಯಂತ್ರಕ್ಕೆ ಇಟ್ಟರು. ಭಕ್ತನಾದ ಆತನು ಲಿನ್ನಿನಲ್ಲಿ ಒಂದಲ್ಲ, ಮೂರು ಕ್ರೈಸ್ತ ಪಂಥಗಳ ದೇವಾಲಯಗಳನ್ನು ಅರಸಿ ಹೋದನು. ಕಪ್ಪು ಬಣ್ಣದವನೆಂದು ಎಲ್ಲಿಯೂ ಆತನನ್ನು ಸೇರಿಸಿಕೊಳ್ಳಲಿಲ್ಲ. ಹಸುವಿನ ತೊಗಲನ್ನು ಬೆರಳಿನಿಂದ ಮುಟ್ಟಿ ಅದರ ಗುಣವನ್ನು ನುಡಿಯಬಲ್ಲ ಊರು, ಮನುಷ್ಯನ ತೊಗಲಿನ ಬಣ್ಣವನ್ನು ದಾಟಿ ಒಳಗನ್ನು ನೋಡಲಾರದೆ ಹೋಯಿತು. ಕೊನೆಗೆ ಉತ್ತರ ಕಾಂಗ್ರಿಗೇಷನಲ್ ಚರ್ಚಿನ ತರುಣರು ಆತನನ್ನು ತಮ್ಮವನೆಂದು ಬರಮಾಡಿಕೊಂಡರು. ಅಲ್ಲಿ ಆತನು ಭಾನುವಾರದ ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸಿದನು. ಬಿಡುವಿನ ವೇಳೆಯಲ್ಲಿ ಚಿತ್ರ ಬರೆದನು.

ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ದುಡಿದ ದೇಹವನ್ನು ಕ್ಷಯರೋಗವು ಹಿಡಿಯಿತು. ಹಾಸಿಗೆ ಹಿಡಿದಾಗಲೂ ಆತನ ಮನಸ್ಸು ಯಂತ್ರದ ಸುಧಾರಣೆಯಲ್ಲಿಯೇ ಇತ್ತು. ಆತನ ಹೆಸರಿನ ಕೆಲವು ಪೇಟೆಂಟ್‌ಗಳು ಹೊರಬಂದುದು ಆತನು ಕಣ್ಮುಚ್ಚಿದ ಮೇಲೆಯೇ. ೧೮೮೯ನೆಯ ಆಗಸ್ಟ್ ೨೪ರಂದು, ಮೂವತ್ತೇಳು ತುಂಬುವ ಮೊದಲೇ, ಮಾಟ್ಸೆಲಿಗರನು ತೀರಿಕೊಂಡನು. ಮದುವೆಯಾಗಿರಲಿಲ್ಲ. ಹಕ್ಕನ್ನು ಕೊಂಡ ಕಂಪನಿಯಲ್ಲಿ ಆತನಿಗೆ ಬಂದಿದ್ದ ಷೇರುಗಳಲ್ಲಿ ಒಂದು ಭಾಗವನ್ನು, ತನ್ನನ್ನು ಮನುಷ್ಯನೆಂದು ಕಂಡ ಆ ಒಂದು ಚರ್ಚಿಗೆ ಬರೆದಿಟ್ಟಿದ್ದನು. ಮುಂದೆ ಆ ಷೇರುಗಳೇ ಚರ್ಚಿನ ಸಾಲವನ್ನು ತೀರಿಸಿದವು. ಆತನ ಯಂತ್ರವನ್ನು ಆಧರಿಸಿ ಬೆಳೆದ ವ್ಯವಹಾರವು ೧೮೯೯ರಲ್ಲಿ ಯುನೈಟೆಡ್ ಷೂ ಮೆಷಿನರಿ ಎಂಬ ಭಾರಿ ಕಂಪನಿಯಲ್ಲಿ ಸೇರಿಹೋಯಿತು. ಅಮೆರಿಕದ ಸರ್ಕಾರವು ಆತನ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿದುದು ೧೯೯೧ರಲ್ಲಿ, ಆತನು ತೀರಿಕೊಂಡು ನೂರು ವರ್ಷಗಳಿಗೂ ಮೇಲಾದ ಬಳಿಕ.

ಗೃಹಸ್ಥನು ಮಗನ ಮದುವೆಗೋ ಕೆಲಸಕ್ಕೋ ಬೂಟು ಕೊಳ್ಳಲು ಹೋದಾಗ ಹೊಳಪಿಗೆ ಮರುಳಾಗದೆ, ತೊಗಲನ್ನು ಬಾಗಿಸಿ, ಹೊಲಿಗೆಯನ್ನು ಪರೀಕ್ಷಿಸಿ, ಜೋಡಿಯನ್ನು ಸಮನಾಗಿಟ್ಟು ನೋಡಿ ಕೊಳ್ಳುವುದು ವಿವೇಕ. ಕೊಟ್ಟ ಹಣಕ್ಕಿಂತ ಅದು ಬಾಳುವ ಕಾಲವನ್ನು ಎಣಿಸುವವನಿಗೇ ನಿಜವಾದ ಬೆಲೆ ತಿಳಿಯುವುದು. ಅದೇ ವಿವೇಕವು, ಆ ಬೂಟನ್ನು ಹೊಲಿದವನೋ, ಬೀದಿಯ ತಿರುವಿನಲ್ಲಿ ಕುಳಿತು ಅದಕ್ಕೆ ಅಟ್ಟೆ ಹಾಕಿಕೊಡುವವನೋ ಎದುರಾದಾಗ ಕೈಬಿಡಬಾರದು. ಹೊರಗಿನ ಬಣ್ಣದಿಂದ ಬೂಟನ್ನು ಅಳೆದವನು ಒಂದು ಜೋಡಿಯ ಹಣವನ್ನು ಮಾತ್ರ ಕಳೆದುಕೊಳ್ಳುವನು. ಮನುಷ್ಯನನ್ನು ಅಳೆದವನು ಮನುಷ್ಯನನ್ನೇ ಕಳೆದುಕೊಳ್ಳುವನು. ಮಾಟ್ಸೆಲಿಗರನು ಬಾಗಿಲಿಗೆ ಬಂದಾಗ ಲಿನ್ನಿನ ಆ ಮೂರು ದೇವಾಲಯಗಳು ಕಳೆದುಕೊಂಡದ್ದು ಇದನ್ನೇ.