ರಾಜಮುದ್ರೆ ಮತ್ತು ಲೂಯಿಸ್ ರೈಸ್

ನನ್ನೂರು ತೆಕ್ಕಟ್ಟೆಯಲ್ಲಿ ಹಿರಿಯರು ಮೂಲಗೇಣಿಯ ಹಳೆಯ ಪತ್ರಗಳನ್ನು ಚಿನ್ನದಷ್ಟೇ ಜತನದಿಂದ ಕಾಯುತ್ತಿದ್ದರು. ಮುಂದೆ ಸರ್ಕಾರಿ ಸೇವೆಯಲ್ಲಿದ್ದಾಗ, ಜಮೀನಿನ ಯಾವ ಪತ್ರ ಮೇಜಿಗೆ ಬಂದರೂ ನಾನು ಮೊದಲು ನೋಡುತ್ತಿದ್ದುದು ಅದರ ಮುದ್ರೆಯನ್ನು. ಮುದ್ರೆಯಿದ್ದ ಮಾತ್ರಕ್ಕೆ ಪತ್ರ ಸಾಚಾ ಆಗುವುದೇ? ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬೆಂಜಮಿನ್ ಲೂಯಿಸ್ ರೈಸ್ ಅವರೂ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು.

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ, ತಂದೆ ಮಿಷನರಿ. ಇಂಗ್ಲೆಂಡಿನಲ್ಲಿ ಓದಿ ಮರಳಿದ ಅವರು 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಮುಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು. ಶಾಲೆಗಳ ತನಿಖೆಗೆಂದು ಊರೂರು ಸುತ್ತುವಾಗ ಕಣ್ಣಿಗೆ ಬಿದ್ದ ಶಾಸನಗಳೇ ಕ್ರಮೇಣ ಅವರ ಜೀವಿತಕಾರ್ಯವಾದವು. ಪುರಾತತ್ವ ಇಲಾಖೆಯ ಹೊಣೆ ಹೊತ್ತು, 1886ರಿಂದ ಸುಮಾರು ಎರಡು ದಶಕಗಳಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿದರು. ಬ್ರಹ್ಮಗಿರಿ ಪರಿಸರದ ಅಶೋಕನ ಶಾಸನಗಳು 1892ರಲ್ಲಿ ಬೆಳಕಿಗೆ ಬಂದುದೂ ಅವರಿಂದಲೇ.

ಈ ಶಾಸನಗಳಲ್ಲಿ ಬಹುಪಾಲು ಭೂದಾನ ಪತ್ರಗಳೇ. ಇಂಗ್ಲೆಂಡಿನ ದೊರೆಗಳು 16–17ನೆಯ ಶತಮಾನಗಳಲ್ಲಿ ಚರ್ಮಪತ್ರದ ಮೇಲೆ ದಾನ ಬರೆಸಿ, ಮೊದಲ ಅಕ್ಷರದೊಳಗೆ ತಮ್ಮ ಚಿತ್ರ ಬಿಡಿಸಿ, ಮೇಣದ ಮಹಾಮುದ್ರೆಯನ್ನು ಕಟ್ಟಿಸುವುದಿತ್ತು. ನಮ್ಮಲ್ಲಿ ಚರ್ಮದ ಬದಲು ತಾಮ್ರ, ಮೇಣದ ಬದಲು ಲೋಹ. ಹಲಗೆಗಳನ್ನು ಒಂದು ಬಳೆಗೆ ಪೋಣಿಸಿ, ಅದರ ತುದಿಗಳನ್ನು ಮುದ್ರೆಯಲ್ಲಿ ಬೆಸೆಯುತ್ತಿದ್ದರು. ಗಂಗರದು ಆನೆ, ಬಾದಾಮಿ ಚಾಲುಕ್ಯರದು ವರಾಹ. ವಿಜಯನಗರದ ಅರಸರು ಕೊನೆಯಲ್ಲಿ ಕನ್ನಡ ಲಿಪಿಯಲ್ಲಿ ಶ್ರೀ ವಿರೂಪಾಕ್ಷ ಎಂಬ ಅಂಕಿತವನ್ನೂ ಹಾಕಿಸುತ್ತಿದ್ದರು.

ಭೂಮಿಯ ಹಕ್ಕಿಗೆ ಬೆಲೆಯಿದ್ದಲ್ಲಿ ನಕಲಿ ಪತ್ರವೂ ಹುಟ್ಟುತ್ತದೆ. ಗಂಗರ ಅನೇಕ ತಾಮ್ರಪಟಗಳು ಕೃತಕವೆಂದು ಮುಂಬಯಿ ಪ್ರಾಂತ್ಯದ ಅಧಿಕಾರಿ ಜೆ. ಎಫ್. ಫ್ಲೀಟ್ ವಾದಿಸಿದರು. ರೈಸ್ ಒಪ್ಪಲಿಲ್ಲ, ವಿವಾದ ವರ್ಷಗಟ್ಟಲೆ ನಡೆಯಿತು. ಮುಂದಿನ ವಿದ್ವಾಂಸರು ಕೆಲವನ್ನು ನೈಜವೆಂದು ಒಪ್ಪಿದರೂ ಹಲವು ಕೃತಕವೆಂದೇ ನಿರ್ಣಯಿಸಿದರು. ರೈಸ್ ಕೆಲವೆಡೆ ಮುದ್ರೆಯನ್ನು ಅತಿಯಾಗಿ ನಂಬಿದ್ದು ನಿಜ.

ಆದರೆ ಆ ತಪ್ಪು ನಮಗೆ ತಿಳಿದದ್ದು ಹೇಗೆ? ರೈಸ್ ಶಾಸನದ ಪಾಠ, ಲಿಪ್ಯಂತರ, ಅನುವಾದಗಳನ್ನು ಜೊತೆಜೊತೆಗೇ ಅಚ್ಚು ಹಾಕಿಸಿದ್ದರಿಂದ. ತಮ್ಮನ್ನು ಖಂಡಿಸಲು ಬೇಕಾದ ಸಾಕ್ಷ್ಯವನ್ನು ಅವರೇ ಓದುಗರ ಕೈಗಿತ್ತಿದ್ದರು. ಮನೆಯ ಪೆಟ್ಟಿಗೆಯಲ್ಲಿದ್ದ ತಾಮ್ರಪಟ ಹೀಗೆ ಸಾರ್ವಜನಿಕ ದಾಖಲೆಯಾಯಿತು.

1906ರಲ್ಲಿ ನಿವೃತ್ತರಾದ ರೈಸ್ 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಕರಾವಳಿ ಅವರ ಸಂಪುಟಗಳಲ್ಲಿ ಸೇರಲಿಲ್ಲ. ಆದರೂ ಅವರ ಬದುಕಿನ ಪಾಠ ನಮಗೂ ಸಲ್ಲುತ್ತದೆ. ಇಂದು ಪಹಣಿ ಗಣಕದಲ್ಲಿದೆ, ಮುದ್ರೆಯ ಬದಲು ಡಿಜಿಟಲ್ ಸಹಿ ಬಂದಿದೆ. ಬಡ ಹಿಡುವಳಿದಾರನನ್ನು ಕಾಯುವುದು ಮಾತ್ರ ಅಂದಿನಂತೆ ಇಂದೂ ಮುದ್ರೆಯ ಠೀವಿಯಲ್ಲ. ಯಾರು ಬೇಕಾದರೂ ಓದಿ ಪ್ರಶ್ನಿಸಬಲ್ಲ ತೆರೆದ ದಾಖಲೆ.