ಓಟಗಾರ ಬಾಬ್ ಹೇಯ್ಸ್

ಒಲಿಂಪಿಕ್ ಕ್ರೀಡೆಗಳಲ್ಲಿ ನೂರು ಮೀಟರಿನ ಓಟವನ್ನು ಗೆದ್ದವನಿಗೆ ಲೋಕದಲ್ಲೆಲ್ಲ ಅತಿ ವೇಗದ ಮನುಷ್ಯನೆಂಬ ಬಿರುದು ರೂಢಿಯಿಂದಲೇ ಬಂದುಬಿಡುತ್ತದೆ. 1964ರಲ್ಲಿ ಟೋಕಿಯೋ ನಗರದಲ್ಲಿ ಆ ಬಿರುದನ್ನು ಪಡೆದವನು ಬಾಬ್ ಹೇಯ್ಸ್. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಅಲ್ಲಿಂದ ಊರಿಗೆ ಮರಳಿದ ಮೇಲೆ ಅವನು ಮತ್ತೆಂದೂ ಒಲಿಂಪಿಕ್ ಅಂಗಳಕ್ಕೆ ಇಳಿಯಲಿಲ್ಲ. ಓಟದ ಶಿಖರದಲ್ಲಿ ನಿಂತೇ ಓಟವನ್ನು ಬಿಟ್ಟು, ಚೆಂಡು ಹಿಡಿಯುವ ಕೆಲಸಕ್ಕೆ ಸೇರಿದ ಈ ಮನುಷ್ಯನ ಕಥೆ ವಿಚಿತ್ರವಾದುದು.

ಹೇಯ್ಸ್ ಹುಟ್ಟಿದ್ದು 1942ನೆಯ ಇಸವಿ ಡಿಸೆಂಬರ್ 20ರಂದು, ಅಮೆರಿಕ ಸಂಯುಕ್ತ ಸಂಸ್ಥಾನದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ಎಂಬ ಊರಿನಲ್ಲಿ. ಅವನು ಕಪ್ಪು ಜನಾಂಗದವನು. ಆ ಕಾಲದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರಿಗೆ ಒಂದು ಶಾಲೆ, ಕರಿಯರಿಗೆ ಬೇರೊಂದು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕುಡಿಯುವ ನೀರಿನ ನಲ್ಲಿಯಲ್ಲಿ ಕೂಡ ಪಂಕ್ತಿಭೇದ. ಅಂಥ ಪದ್ಧತಿಯ ಪರಿಚಯ ನಮ್ಮ ದೇಶದವರಿಗೆ ಇಲ್ಲವೆನ್ನುವಂತಿಲ್ಲ, ಹೆಚ್ಚು ವಿವರಿಸಬೇಕಾಗಿಲ್ಲ. ಹೇಯ್ಸ್ ಓದಿದ ಮ್ಯಾಥ್ಯೂ ಗಿಲ್ಬರ್ಟ್ ಶಾಲೆ ಕಪ್ಪು ಮಕ್ಕಳಿಗೆಂದು ಇದ್ದ ಶಾಲೆ. 1958ರಲ್ಲಿ ಆ ಶಾಲೆಯ ಫುಟ್‌ಬಾಲ್ ತಂಡ ಆಡಿದ ಹನ್ನೆರಡು ಪಂದ್ಯಗಳನ್ನೂ ಗೆದ್ದಿತು. ಹೇಯ್ಸ್ ಆ ತಂಡದಲ್ಲಿ ಕಾದಿಟ್ಟ ಆಟಗಾರನಾಗಿದ್ದನು. ಮುಂದೆ ಅವನು ಸೇರಿದ್ದು ಟಲ್ಲಹಾಸಿಯಲ್ಲಿದ್ದ ಫ್ಲಾರಿಡಾ ಎ. ಅಂಡ್ ಎಂ. ವಿಶ್ವವಿದ್ಯಾನಿಲಯವನ್ನು. ಅದೂ ಕಪ್ಪು ಜನರ ವಿದ್ಯಾಸಂಸ್ಥೆಯೇ. ಅಲ್ಲಿ ಜೇಕ್ ಗೇದರ್ ಎಂಬ ಹೆಸರಾಂತ ಗುರುವಿನ ಕೈಕೆಳಗೆ ಅವನು ಫುಟ್‌ಬಾಲ್ ಕಲಿತನು.

ಓಟದ ಅಂದಚೆಂದದಲ್ಲಿ ಹೇಯ್ಸ್‌ನನ್ನು ಮೀರಿಸುವವರು ಎಷ್ಟೋ ಮಂದಿ ಇದ್ದರು. ಪಾದಗಳು ಒಳಮುಖವಾಗಿ ಬೀಳುತ್ತಿದ್ದವು. ಅಗಲವಾದ ಹೆಗಲು ಆಚೆ ಈಚೆ ವಾಲುತ್ತಿತ್ತು. ನೋಡಿದವರಿಗೆ ಇವನು ಓಡುತ್ತಿರುವನೋ ಹೊಡೆದಾಡುತ್ತಿರುವನೋ ಎನ್ನಿಸಬೇಕು. ಆದರೆ ಗಡಿಯಾರಕ್ಕೆ ಅಂದಚೆಂದ ತಿಳಿಯದು. 1963ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಅವನು ನೂರು ಗಜವನ್ನು 9.1 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯನ್ನು ಸ್ಥಾಪಿಸಿದನು. ಒಳಾಂಗಣದಲ್ಲಿ ಅರವತ್ತು ಗಜದ ಓಟವನ್ನು ಆರು ಸೆಕೆಂಡಿಗಿಂತ ಕಡಿಮೆ ಕಾಲದಲ್ಲಿ ಮುಗಿಸಿದ ಮೊದಲಿಗನೂ ಅವನೇ.

ಟೋಕಿಯೋದಲ್ಲಿ ಅಂತಿಮ ಸ್ಪರ್ಧೆ ನಡೆದದ್ದು 1964ರ ಅಕ್ಟೋಬರ್ 15ರಂದು. ಹೇಯ್ಸ್‌ನಿಗೆ ಬಂದದ್ದು ಒಳಬದಿಯ ಮೊದಲನೆಯ ಪಟ್ಟಿ. ಇಂದಿನ ಹಾಗೆ ರಬ್ಬರಿನ ಹಾಸಲ್ಲ, ಸುಟ್ಟ ಕಲ್ಲಿದ್ದಲಿನ ಪುಡಿ ಹಾಸಿದ ನೆಲ. ನಡಿಗೆಯ ಸ್ಪರ್ಧೆಯವರು ತುಳಿದು ಆ ಪಟ್ಟಿ ಕದಡಿಹೋಗಿತ್ತು. ಸಾಲದ್ದಕ್ಕೆ ಅವನ ಒಂದು ಕಾಲಿನ ಬೂಟು ಬಿಡಾರದಲ್ಲಿ ಮಂಚದ ಕೆಳಗೆ ಉಳಿದುಬಿಟ್ಟಿತ್ತು. ತನ್ನ ದೇಶದ ಮತ್ತೊಬ್ಬ ಓಟಗಾರನಾದ ಟಾಮ್ ಫ್ಯಾರೆಲ್‌ನಿಂದ ಎರವಲು ಪಡೆದ ಬೂಟನ್ನು ಆ ಕಾಲಿಗೆ ಹಾಕಿಕೊಂಡು ಅವನು ಗೆರೆಯ ಮುಂದೆ ನಿಂತನು. ಹತ್ತು ಸೆಕೆಂಡುಗಳಲ್ಲಿ ಎಲ್ಲ ಮುಗಿಯಿತು. ವಿಶ್ವದಾಖಲೆಗೆ ಸಮನಾದ ಕಾಲ. ಎರಡನೆಯವನಾದ ಕ್ಯೂಬಾ ದೇಶದ ಫಿಗೆರೋಲಾ ಸುಮಾರು ಎರಡು ಮೀಟರು ಹಿಂದೆ.

ಬಲ್ಲವರು ಇದಕ್ಕಿಂತಲೂ ಹೆಚ್ಚಾಗಿ ಕೊಂಡಾಡುವುದು ಆರು ದಿನಗಳ ಬಳಿಕ ನಡೆದ ನಾಲ್ವರ ರಿಲೇ ಓಟವನ್ನು. ಕೊನೆಯವನಾದ ಹೇಯ್ಸ್‌ನ ಕೈಗೆ ಕೋಲು ಬಂದಾಗ ಅಮೆರಿಕದ ತಂಡ ಐದನೆಯ ಸ್ಥಾನದಲ್ಲಿತ್ತು. ಮುಂದಿದ್ದ ನಾಲ್ವರೂ ತಮ್ಮ ತಮ್ಮ ದೇಶಗಳ ಆಯ್ದ ಓಟಗಾರರೇ. ಆ ನೂರು ಮೀಟರಿನೊಳಗೆ ಹೇಯ್ಸ್ ಒಬ್ಬೊಬ್ಬರನ್ನೇ ಹಿಂದೆ ಹಾಕಿ, ಸ್ಪಷ್ಟವಾದ ಅಂತರದಿಂದ ಗೆದ್ದನು. ತಂಡದ ಕಾಲ 39.0 ಸೆಕೆಂಡು, ಹೊಸ ವಿಶ್ವದಾಖಲೆ. ಅದೇ ಒಲಿಂಪಿಕ್ಸಿನಲ್ಲಿ ನಮ್ಮ ಕೋಲಾರದ ಕೆನೆತ್ ಪೊವೆಲ್ ಭಾರತದ ಪರವಾಗಿ ವೇಗದ ಓಟಗಳಲ್ಲಿ ಓಡಿದ್ದನೆಂಬುದನ್ನೂ, ಭಾರತ ಹಾಕಿಯ ಚಿನ್ನವನ್ನು ಪಾಕಿಸ್ತಾನದಿಂದ ಮರಳಿ ಪಡೆದದ್ದನ್ನೂ ಇಲ್ಲಿ ನೆನೆಯಬಹುದು.

ಆಗಿನ ಒಲಿಂಪಿಕ್ ನಿಯಮದಂತೆ ಆಟಕ್ಕೆ ಹಣ ಪಡೆದವನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಪದಕದಿಂದ ಹೊಟ್ಟೆ ತುಂಬುವುದಿಲ್ಲ. ಡಲ್ಲಾಸ್ ನಗರದ ಕೌಬಾಯ್ಸ್ ಎಂಬ ವೃತ್ತಿ ತಂಡ ಹೇಯ್ಸ್‌ನನ್ನು ಮೊದಲೇ ಆರಿಸಿಟ್ಟುಕೊಂಡಿತ್ತು. 1965ರಲ್ಲಿ ಅವನು ಅದನ್ನು ಸೇರಿದನು.

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟ ನಮ್ಮ ಕಾಲೇಜು ಮೈದಾನದ ಫುಟ್‌ಬಾಲ್ ಅಲ್ಲ. ಕಡೆಗೆ ಹನ್ನೊಂದು ಜನರೆಂಬುದು ಹೌದು. ಆದರೆ ಚೆಂಡು ಎರಡು ತುದಿಯಲ್ಲೂ ಚೂಪಾದದ್ದು, ಆಟವೆಲ್ಲ ಹೆಚ್ಚಾಗಿ ಕೈಯಲ್ಲಿ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲು. ನೂರು ಗಜದ ಅಂಗಳದ ಆಚೆ ತುದಿಯನ್ನು ಚೆಂಡಿನೊಡನೆ ದಾಟಿದರೆ ಆರು ಅಂಕ. ಅದಕ್ಕೆ ಟಚ್‌ಡೌನ್ ಎಂದು ಹೆಸರು. ತಂಡದ ನಾಯಕನಂತಿರುವ ಕ್ವಾರ್ಟರ್‌ಬ್ಯಾಕ್ ಹಿಂದೆ ನಿಂತು ಚೆಂಡನ್ನು ದೂರಕ್ಕೆ ಎಸೆಯುತ್ತಾನೆ; ಅಂಚಿನಿಂದ ಹೊರಟ ರಿಸೀವರ್ ಎಂಬವನು ಓಡುತ್ತಲೇ, ಹೆಗಲ ಮೇಲಿನಿಂದ ಹಿಂದಿರುಗಿ ನೋಡುತ್ತಾ ಅದನ್ನು ಹಿಡಿಯಬೇಕು. ಕ್ರಿಕೆಟ್ಟಿನಲ್ಲಿ ಗಡಿಯತ್ತ ಬೆನ್ನು ಹಾಕದೆ ಓಡಿ ಕ್ಯಾಚ್ ಹಿಡಿದವರಿಗೆ ಇದರ ಕಷ್ಟ ಅರ್ಧ ತಿಳಿದೀತು. ಉಳಿದರ್ಧ, ಪಕ್ಕದಲ್ಲೇ ಓಡಿಬಂದು ಕೆಡವಲು ಕಾದಿರುವ ಎದುರಾಳಿ.

ಬರಿಯ ಓಟಗಾರ ಇಂಥ ಆಟದಲ್ಲಿ ಬಾಳಲಾರನೆಂದು ಹಲವರ ಊಹೆಯಾಗಿತ್ತು. ಇಂಥ ಪ್ರಯೋಗಗಳು ವ್ಯರ್ಥವಾದದ್ದೂ ಉಂಟು. ಹೇಯ್ಸ್ ಮೊದಲ ವರ್ಷವೇ 46 ಬಾರಿ ಚೆಂಡು ಹಿಡಿದು 1,003 ಗಜ ಸಂಪಾದಿಸಿದನು. ಹೀಗೆ ಹಿಡಿದು ಗಳಿಸಿದ ಟಚ್‌ಡೌನ್‌ಗಳು ಹನ್ನೆರಡು. ಮರುವರ್ಷ 1,232 ಗಜ, ಹದಿಮೂರು ಟಚ್‌ಡೌನ್. ಎರಡು ವರ್ಷವೂ ಲೀಗಿನಲ್ಲಿ ಟಚ್‌ಡೌನ್ ಲೆಕ್ಕದಲ್ಲಿ ಅವನೇ ಮುಂದು. 1966ರ ನವೆಂಬರ್‌ನಲ್ಲಿ ವಾಷಿಂಗ್ಟನ್ ತಂಡದ ಮೇಲೆ ಒಂದೇ ಪಂದ್ಯದಲ್ಲಿ ಅವನು 246 ಗಜ ಗಳಿಸಿದನು. ಅದರಲ್ಲಿ ಡಾನ್ ಮೆರೆಡಿತ್ ಎಸೆದ ಒಂದು ಚೆಂಡಿಗೇ 95 ಗಜ.

ಈ ಅಂಕಿಗಳಿಗಿಂತ ದೊಡ್ಡದು ಅವನು ಎದುರಾಳಿಗಳ ತಲೆಯೊಳಗೆ ಎಬ್ಬಿಸಿದ ಗೊಂದಲ. ಅಲ್ಲಿಯವರೆಗೆ ಒಬ್ಬ ರಿಸೀವರ್‌ನಿಗೆ ಒಬ್ಬ ಕಾವಲುಗಾರ ಎಂಬುದು ಸಾಮಾನ್ಯ ಕ್ರಮ. ಹೇಯ್ಸ್‌ನ ಜೊತೆ ಓಡಬಲ್ಲವನು ಭೂಮಿಯ ಮೇಲೆ ಇಲ್ಲದಿರುವಾಗ ಕಾವಲಿಗೆ ಯಾರನ್ನು ಇಡುವುದು? ಇಬ್ಬರನ್ನು ಇಟ್ಟರು. ಹೊರಡುವಾಗಲೇ ಎದೆಗೆ ತಳ್ಳಿ ತಡೆಯಲು ನೋಡಿದರು. ಮನುಷ್ಯನನ್ನು ಹಿಂಬಾಲಿಸುವುದನ್ನು ಬಿಟ್ಟು, ಅಂಗಳವನ್ನೇ ಪಾಲು ಮಾಡಿಕೊಂಡು ತಮ್ಮ ತಮ್ಮ ಪಾಲಿನ ನೆಲವನ್ನು ಕಾಯುವ ವಿಧಾನ ಲೀಗಿನಲ್ಲೆಲ್ಲ ಹಬ್ಬಲು ಅವನ ವೇಗ ಬಹುಮಟ್ಟಿಗೆ ಕಾರಣವೆಂದು ಆಟದ ಚರಿತ್ರೆ ಬರೆದವರು ಹೇಳುತ್ತಾರೆ. ಹೀಗೆ ತನಗೆಂದೇ ಹೂಡಿದ ವ್ಯೂಹದಲ್ಲಿ ಹೇಯ್ಸ್ ಸಿಕ್ಕಿಕೊಂಡನು. ಅವನ ಕ್ಯಾಚುಗಳು ಕಡಿಮೆಯಾದವು. ಆದರೆ ಅವನ ಹಿಂದೆ ಇಬ್ಬರು ಓಡುವಾಗ ತೆರವಾದ ನೆಲದಲ್ಲಿ ಬೇರೆಯವರು ಆಡಿಕೊಂಡರು. ಇಂಥ ಉಪಕಾರವನ್ನು ಲೆಕ್ಕದ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ.

ಅವನ ದೌರ್ಬಲ್ಯವನ್ನೂ ಹೇಳಬೇಕು. 1967ರ ಡಿಸೆಂಬರ್ 31ರಂದು ಗ್ರೀನ್ ಬೇ ಊರಿನಲ್ಲಿ ಲೀಗಿನ ಅಂತಿಮ ಪಂದ್ಯ. ಶೂನ್ಯಕ್ಕಿಂತ ಸುಮಾರು 25 ಸೆಂಟಿಗ್ರೇಡ್ ಡಿಗ್ರಿ ಕೆಳಗಿನ ಚಳಿ. ಚೆಂಡು ತನ್ನತ್ತ ಬಾರದ ಸರದಿಗಳಲ್ಲಿ ಹೇಯ್ಸ್ ಕೈಗಳನ್ನು ಷರಾಯಿಯೊಳಗೆ ತೂರಿಸಿಕೊಂಡು ನಿಲ್ಲುತ್ತಿದ್ದನು. ಕೈ ಹೊರಗೆ ಬಂದರೆ ಚೆಂಡು ಅವನಿಗೆ, ಒಳಗಿದ್ದರೆ ಇಲ್ಲ ಎಂಬುದನ್ನು ಎದುರಾಳಿಗಳು ಬೇಗನೆ ಕಂಡುಕೊಂಡರು. ಡಲ್ಲಾಸ್ 21ಕ್ಕೆ 17ರಿಂದ ಸೋತಿತು. ಫ್ಲಾರಿಡಾದ ಬಿಸಿಲಿನಲ್ಲಿ ಬೆಳೆದ ಹುಡುಗನನ್ನು ಇದಕ್ಕಾಗಿ ಹಳಿಯಲು ನನಗಂತೂ ಮನಸ್ಸು ಬಾರದು.

1972ರ ಜನವರಿ 16ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಡಲ್ಲಾಸ್ ತಂಡ ಮಯಾಮಿಯನ್ನು 24ಕ್ಕೆ 3ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದಿತು. ಒಲಿಂಪಿಕ್ ಚಿನ್ನದ ಜೊತೆಗೆ ಆ ಗೆಲುವಿನ ಉಂಗುರವನ್ನೂ ಪಡೆದ ಮೊದಲ ಮನುಷ್ಯ ಹೇಯ್ಸ್. ಮೂರು ವರ್ಷಗಳ ಬಳಿಕ ಡಲ್ಲಾಸ್ ಅವನನ್ನು ಸಾನ್‌ಫ್ರಾನ್ಸಿಸ್ಕೋ ತಂಡಕ್ಕೆ ದಾಟಿಸಿತು. 1975ರಲ್ಲಿ ಅಲ್ಲಿ ಆಡಿದ್ದೇ ಕೊನೆ. ಒಟ್ಟು 371 ಕ್ಯಾಚು, 7,414 ಗಜ, 71 ಟಚ್‌ಡೌನ್.

ಆಟ ನಿಂತಿತು; ಕುಡಿತ ನಿಲ್ಲಲಿಲ್ಲ. ಮಾದಕ ವಸ್ತುಗಳ ಸಹವಾಸವೂ ಸೇರಿತು. 1978ರಲ್ಲಿ ಮಾರುವೇಷದ ಪೊಲೀಸಿನವನಿಗೆ ಮಾದಕ ವಸ್ತು ಒದಗಿಸಿದನೆಂದು ಅವನನ್ನು ಬಂಧಿಸಿದರು. ಹೇಯ್ಸ್ ತಪ್ಪೊಪ್ಪಿಕೊಂಡನು. ಟೆಕ್ಸಸ್‌ನ ಸೆರೆಮನೆಯಲ್ಲಿ ಹತ್ತು ತಿಂಗಳು ಕಳೆದನು. ಹೊರಬಂದ ಮೇಲೂ ಆ ಚಟ ಸುಲಭವಾಗಿ ಬಿಡಲಿಲ್ಲ. ತನ್ನ ಏಳುಬೀಳುಗಳನ್ನೆಲ್ಲ ಅವನು 1990ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ತೆರೆದಿಟ್ಟನು.

ಒಹಾಯೋ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ ವೃತ್ತಿ ಫುಟ್‌ಬಾಲಿನ ಕೀರ್ತಿಮಂದಿರವಿದೆ. ಆಟ ಬಿಟ್ಟು ಐದು ವರ್ಷ ಕಳೆದವರನ್ನು ಪತ್ರಿಕಾ ಲೇಖಕರ ಸಮಿತಿಯೊಂದು ಅಲ್ಲಿಗೆ ಆರಿಸುತ್ತದೆ. ಅಂಗಳದೊಳಗಿನ ಆಟವನ್ನು ಮಾತ್ರ ಎಣಿಸಬೇಕೆಂಬುದು ಅಲ್ಲಿಯ ನಿಯಮ. ವರ್ಷ ವರ್ಷವೂ ಹೇಯ್ಸ್‌ನ ಹೆಸರು ಹೊರಗುಳಿಯಿತು. ಕ್ಯಾಚುಗಳ ಎಣಿಕೆ ಸಾಲದೆಂಬುದು ಒಂದು ವಾದ. ಸೆರೆಮನೆಯ ನೆನಪೂ ಮತಗಳನ್ನು ತಡೆಯಿತೆಂದು ಅವನ ಪಕ್ಷದವರು ನಂಬಿದ್ದರು. ಎಣಿಕೆಯ ವಾದ ನನಗೆ ಒಪ್ಪಿಗೆಯಾಗದು. ಆಟದ ಕ್ರಮವನ್ನೇ ಬದಲಿಸಿದವನನ್ನು, ಆ ಬದಲಾವಣೆಯಿಂದ ಅವನದೇ ಎಣಿಕೆ ಇಳಿಯಿತೆಂದು ಹೊರಗಿಡುವುದು ಯಾವ ನ್ಯಾಯ? ಅಪರಾಧಕ್ಕೆ ನ್ಯಾಯಾಲಯ ಶಿಕ್ಷೆ ಕೊಟ್ಟಿತ್ತು, ಅವನು ಅನುಭವಿಸಿಯೂ ಆಗಿತ್ತು.

2001ರಲ್ಲಿ ಡಲ್ಲಾಸ್ ತಂಡ ತನ್ನ ಕ್ರೀಡಾಂಗಣದ ಗೌರವ ಮಾಲಿಕೆಯಲ್ಲಿ ಹೇಯ್ಸ್‌ನ ಹೆಸರನ್ನು ಸೇರಿಸಿತು. ಅದನ್ನು ಅವನು ಕಣ್ಣಾರೆ ಕಂಡನು. ಮರುವರ್ಷ ಸೆಪ್ಟೆಂಬರ್ 18ರಂದು, ಹುಟ್ಟಿದ ಊರಾದ ಜಾಕ್ಸನ್‌ವಿಲ್‌ನಲ್ಲಿ, ಮೂತ್ರಪಿಂಡಗಳು ಕೆಟ್ಟು ತೀರಿಕೊಂಡನು. ವಯಸ್ಸು ಐವತ್ತೊಂಬತ್ತು.

2004ರಲ್ಲಿ ಅವನ ಹೆಸರು ಮತ್ತೆ ಸಮಿತಿಯ ಮುಂದೆ ಬಂದು ಮತ್ತೆ ಬಿದ್ದುಹೋಯಿತು. ಪಾಲ್ ಝಿಮ್ಮರ್‌ಮನ್ ಎಂಬ ಹಿರಿಯ ಕ್ರೀಡಾ ಲೇಖಕನು ಇದನ್ನು ಪ್ರತಿಭಟಿಸಿ ಸಮಿತಿಯಿಂದ ಹೊರಬಂದನು. ಐದು ವರ್ಷಗಳ ಬಳಿಕ, 2009ರ ಜನವರಿಯ ಕೊನೆಯಲ್ಲಿ, ಸಾಕಷ್ಟು ಮತಗಳು ಬಿದ್ದವು. ಆ ಆಗಸ್ಟ್ 8ರಂದು ಕ್ಯಾಂಟನ್ನಿನಲ್ಲಿ ಹೇಯ್ಸ್‌ನ ಪ್ರತಿಮೆಯ ಮೇಲಿನ ತೆರೆಯನ್ನು ಸರಿಸಿದವರು, ಒಂದು ಕಾಲದಲ್ಲಿ ಅವನಿಗೆ ಚೆಂಡು ಎಸೆಯುತ್ತಿದ್ದ ರೋಜರ್ ಸ್ಟಾಬಾಕ್ ಮತ್ತು ತಂದೆಯ ಹೆಸರನ್ನೇ ಹೊತ್ತ ಅವನ ಮಗ.