ಜಿನಭಕ್ತ ಇರುಗಪ್ಪ ದಂಡನಾಥ

ಹಂಪೆಯ ದರ್ಶನಕ್ಕೆಂದು ಹೋಗುವ ನಮ್ಮ ಧರ್ಮಬಂಧುಗಳಲ್ಲಿ ಅನೇಕರು ಹೇಮಕೂಟದ ಮೇಲಿನ ಮೆಟ್ಟಿಲು ಮೆಟ್ಟಿಲಾದ ಶಿಲಾಶಿಖರಗಳನ್ನು ಕಂಡು, ಇವು ನಮ್ಮ ಬಸದಿಗಳೆಂದು ಭಾವಿಸಿ ಕೈಮುಗಿದು ಹಿಂದಿರುಗುತ್ತಾರೆ. ವಾಸ್ತವವಾಗಿ ಅವು ಶಿವಾಲಯಗಳು. ಅವುಗಳಲ್ಲೊಂದನ್ನು ಕಂಪಿಲರಾಯನು ಕಟ್ಟಿಸಿದನೆಂದು ಅಲ್ಲಿಯೇ ಶಾಸನವಿದೆ. ಶಿಖರದ ಆಕಾರವನ್ನು ಮಾತ್ರ ನೋಡಿ ಮೋಸಹೋಗುವುದು ಸಹಜ. ನಿಸ್ಸಂದೇಹವಾಗಿ ನಮ್ಮದಾದ ಜಿನಾಲಯವೊಂದು ಕಮಲಾಪುರದಿಂದ ಕಂಪ್ಲಿಗೆ ಹೋಗುವ ಮಾರ್ಗದ ಪಕ್ಕದಲ್ಲಿ, ಭೀಮನ ಬಾಗಿಲಿಗೆ ಸಮೀಪವಾಗಿ ನಿಂತಿದೆ. ಅಲ್ಲಿಗೆ ಹೋಗುವವರು ವಿರಳ. ಜನರು ಅದನ್ನು ಗಾಣಗಿತ್ತಿ ಗುಡಿ ಎಂದು ಕರೆಯುತ್ತಾರೆ. ಆದರೆ ಗುಡಿಯ ಮುಂದಿನ ಕಂಬದ ಶಾಸನದಲ್ಲಿ ಯಾವ ಗಾಣಗಿತ್ತಿಯ ಉಲ್ಲೇಖವೂ ಇಲ್ಲ. ಕಟ್ಟಿಸಿದವನು ಇರುಗಪ್ಪ ದಂಡನಾಥನೆಂದು ಆ ಶಾಸನವು ಸ್ಪಷ್ಟವಾಗಿ ಸಾರುತ್ತಿದೆ. ಪ್ರತಿಷ್ಠಾ ಮಹೋತ್ಸವದ ಈ ಶುಭಸಂದರ್ಭದಲ್ಲಿ, ನಮ್ಮ ನೆರೆಯಲ್ಲಿಯೇ ಪ್ರತಿಷ್ಠೆಯನ್ನು ನೆರವೇರಿಸಿದ ಆ ಪುಣ್ಯಪುರುಷನನ್ನು ಸ್ಮರಿಸುವುದು ಉಚಿತವೆಂದು ತಿಳಿದು ಈ ಕೆಲವು ಮಾತುಗಳನ್ನು ಬರೆದಿದ್ದೇನೆ.

ಇರುಗಪ್ಪನ ತಂದೆ ಚೈಚ ದಂಡನಾಥ. ಬೆಳಗೊಳದ ಶಾಸನದಲ್ಲಿ ಈ ಹೆಸರು ಬೈಚ ಎಂದಿದೆ. ಈತನು ಎರಡನೆಯ ಹರಿಹರನಿಗೆ ವಂಶಪಾರಂಪರ್ಯವಾಗಿ ಬಂದ ಮಂತ್ರಿ. ಈತನಿಗೆ ಮಂಗಪ್ಪ, ಇರುಗಪ್ಪ, ಬುಕ್ಕಣ್ಣ ಎಂಬ ಮೂವರು ಮಕ್ಕಳು. ಅರಸನಾಗಲಿ ರಾಜಧಾನಿಯಾಗಲಿ ಜೈನಧರ್ಮದ್ದಲ್ಲ. ಆದರೂ ಆ ಅರಸನ ಸೇನೆಯನ್ನೂ ಆಡಳಿತವನ್ನೂ ಶ್ರಾವಕ ಮನೆತನವೊಂದು ವಿಶ್ವಾಸದಿಂದ ನಿರ್ವಹಿಸುತ್ತಿತ್ತು.

ಕಾಲವೇನೂ ನಮ್ಮವರಿಗೆ ಸುಗಮವಾಗಿರಲಿಲ್ಲ. 1368ರಲ್ಲಿ ಆನೆಗೊಂದಿ, ಪೆನುಗೊಂಡೆ ಮುಂತಾದ ನಾಡುಗಳ ಜೈನರು ತಮಗಾಗುತ್ತಿದ್ದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಬುಕ್ಕರಾಯನು ಜೈನ ಮತ್ತು ಶ್ರೀವೈಷ್ಣವ ಪ್ರಮುಖರನ್ನು ಕೂಡಿಸಿ, ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಜೈನರು ಮನೆಗೆ ವರ್ಷಕ್ಕೊಂದು ಹಣವನ್ನು ಕೊಡತಕ್ಕದ್ದು, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸತಕ್ಕದ್ದು, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸತಕ್ಕದ್ದು ಎಂದು ವ್ಯವಸ್ಥೆಯಾಯಿತು. ಇದನ್ನು ನಡೆಸುವ ಹೊಣೆ ಬಿದ್ದದ್ದು ತಿರುಮಲೆಯ ತಾತಯ್ಯನೆಂಬ ವೈಷ್ಣವನ ಮೇಲೆ. ಈ ಶಾಸನದ ಜೀರ್ಣೋದ್ಧಾರ ಮಾಡಿಸಿದವನು ಬುಸುವಿಸೆಟ್ಟಿ. ಅವನಿಗೆ ಉಭಯ ಸಮಯದವರೂ ಸೇರಿ ಸಂಘನಾಯಕ ಪಟ್ಟವನ್ನು ಕಟ್ಟಿದರು. ಒಬ್ಬ ಸೆಟ್ಟಿಗೆ ಸಂದ ಈ ಗೌರವವನ್ನು ಓದಿದಾಗ ನಮ್ಮಂಥ ವ್ಯಾಪಾರಸ್ಥರಿಗೆ ತುಸು ಹೆಮ್ಮೆಯೆನಿಸಿದರೆ ತಪ್ಪಲ್ಲ. ಇರುಗಪ್ಪನು ರಾಜಸೇವೆಯಲ್ಲಿ ಕಾಣಿಸಿಕೊಳ್ಳುವುದು ಈ ಒಡಂಬಡಿಕೆಯಾದ ಮೇಲಿನ ವರ್ಷಗಳಲ್ಲಿ.

ಕಂಪ್ಲಿ ರಸ್ತೆಯ ಜಿನಾಲಯವು ಶಕವರ್ಷ 1307, ಕ್ರೋಧನ ಸಂವತ್ಸರದ್ದು. ಕಂಬದ ಮೇಲಿನ ತಿಥಿ, ವಾರಗಳನ್ನು ಕೂಡಿಸಿ ನೋಡಿದರೆ ಕ್ರಿ.ಶ. 1386ರ ಫೆಬ್ರವರಿ 16, ಶುಕ್ರವಾರವಾಗುತ್ತದೆ. ಹದಿನೇಳನೆಯ ತೀರ್ಥಂಕರರಾದ ಶ್ರೀ ಕುಂಥು ಜಿನನಾಥರಿಗೆ ಅಂದವಾದ ಶಿಲೆಗಳಿಂದ ಚೈತ್ಯಾಲಯವನ್ನು ಕಟ್ಟಿಸಿದ ಸಂಗತಿಯನ್ನು 28 ಸಂಸ್ಕೃತ ಶ್ಲೋಕಗಳಲ್ಲಿ ಕೆತ್ತಲಾಗಿದೆ. ಈ ಶ್ಲೋಕಗಳ ಕ್ರಮವನ್ನು ಗಮನಿಸಬೇಕು. ಮೊದಲು ಜಿನಸ್ತುತಿ. ಆಮೇಲೆ ಮೂಲಸಂಘ, ನಂದಿಸಂಘ, ಬಲಾತ್ಕಾರಗಣ, ಸಾರಸ್ವತಗಚ್ಛದ ಗುರುಪರಂಪರೆ: ಪದ್ಮನಂದಿ, ಧರ್ಮಭೂಷಣ, ಅಮರಕೀರ್ತಿ, ಸಿಂಹನಂದಿ ಮೊದಲಾದ ಪೂಜ್ಯರ ಹೆಸರುಗಳು ಒಂದೊಂದಾಗಿ ಬರುತ್ತವೆ. ಅನಂತರ ಬುಕ್ಕ ಮತ್ತು ಹರಿಹರ. ಅವರ ತರುವಾಯ ತಂದೆ ಚೈಚ. ಇಷ್ಟೆಲ್ಲ ಮುಗಿದ ಮೇಲೆ, ಸಿಂಹನಂದಿ ಮುನಿಗಳ ಪಾದಸೇವಕನಾಗಿ ಇರುಗಪ್ಪನು ಕಾಣಿಸಿಕೊಳ್ಳುತ್ತಾನೆ. ಹಣ ಕೊಟ್ಟವನ ಹೆಸರು ಕಲ್ಲಿನಲ್ಲಿ ಎಲ್ಲಿ ಬರಬೇಕೆಂಬ ಚರ್ಚೆಯು ಯಾವ ಊರಿನ ಸಮಿತಿಗೂ ಹೊಸದಲ್ಲ; ದಂಡನಾಥನು ತನ್ನ ಹೆಸರನ್ನು ಕೊನೆಗಿಟ್ಟುಕೊಂಡನು.

ಇದೇ ಸ್ವಭಾವವು ಕಂಚಿಯಲ್ಲಿಯೂ ತೋರಿಬರುತ್ತದೆ. ಜಿನಕಂಚಿಯೆಂದು ಪ್ರಸಿದ್ಧವಾದ ತಿರುಪ್ಪರುತ್ತಿಕುನ್ರಂ ಗ್ರಾಮದ ತ್ರೈಲೋಕ್ಯನಾಥ ಸ್ವಾಮಿಯ ಬಸದಿಗೆ ಆತನು 1382ರಲ್ಲಿ ಮಹೇಂದ್ರಮಂಗಲವೆಂಬ ಊರನ್ನು ದತ್ತಿಯಾಗಿ ಬಿಟ್ಟನು. ಆ ದಾನದ ಪುಣ್ಯವನ್ನು ತನಗೆಂದು ಬರೆಸಿಕೊಳ್ಳದೆ, ಹರಿಹರನ ಮಗನಾದ ಬುಕ್ಕರಾಯನಿಗೆ ಸಲ್ಲಲೆಂದು ಬರೆಸಿದನು. ಜಿನೇಂದ್ರನಿಗೆ ಕೊಟ್ಟ ದಾನದ ಫಲವು ಅನ್ಯಮತದ ರಾಜಕುಮಾರನಿಗೆ! ಐದಾರು ವರ್ಷಗಳ ತರುವಾಯ, ಪ್ರಭವ ಸಂವತ್ಸರದಲ್ಲಿ, ಗುರುಗಳಾದ ಪುಷ್ಪಸೇನರ ಅಪ್ಪಣೆಯಂತೆ ಅದೇ ಬಸದಿಗೆ ಮಂಟಪವೊಂದನ್ನು ಕಟ್ಟಿಸಿಕೊಟ್ಟನು. ಸಂಗೀತ ಮಂಟಪವೆಂದು ಅದನ್ನು ಇಂದಿಗೂ ಕರೆಯುತ್ತಾರೆ.

ಕತ್ತಿ ಹಿಡಿದ ಕೈಯಲ್ಲಿ ಕಂಠವನ್ನೂ ಹಿಡಿದು, ಒಂದೇ ಶಬ್ದಕ್ಕಿರುವ ಹಲವು ಅರ್ಥಗಳನ್ನು ತಿಳಿಸುವ ನಾನಾರ್ಥರತ್ನಮಾಲೆ ಎಂಬ ಸಂಸ್ಕೃತ ನಿಘಂಟನ್ನು ರಚಿಸಿದ ಕೀರ್ತಿಯೂ ಈತನದೇ. ಅದರ ವಿಚಾರವನ್ನು ಪಂಡಿತರು ಹೇಳಬೇಕು, ನನಗೆ ಅಷ್ಟು ಯೋಗ್ಯತೆಯಿಲ್ಲ.

ರಾಜಧಾನಿಯಲ್ಲಿ ಆತನು ಹಾಕಿದ ಮೇಲ್ಪಂಕ್ತಿ ಮುಂದೆಯೂ ನಡೆಯಿತು. 1426ರಲ್ಲಿ ಸ್ವತಃ ಎರಡನೆಯ ದೇವರಾಯನೇ ವಿಜಯನಗರದ ಪಾನ್ ಸುಪಾರಿ ಬಜಾರಿನಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದನು. 1565ರ ಯುದ್ಧದ ತರುವಾಯ ಪಟ್ಟಣವೇ ಹಾಳಾಯಿತು. ವಿಜಯನಗರದಲ್ಲಿ ಶ್ರಾವಕರ ಮನೆಗಳು ಉಳಿಯದಿದ್ದ ಮೇಲೆ ಅಭಿಷೇಕ ಮಾಡುವವರು ಯಾರು? ಇರುಗಪ್ಪನ ಜಿನಾಲಯದ ಗೋಡೆ, ಶಿಖರ, ಕಂಬಗಳು ನಿಂತಿವೆ. ಗರ್ಭಗೃಹದಲ್ಲಿ ಕುಂಥುನಾಥ ಸ್ವಾಮಿಯ ಬಿಂಬವಿಲ್ಲ. ಪ್ರತಿಷ್ಠೆಯಾಗಿ ಸರಿಯಾಗಿ ಆರುನೂರು ವರ್ಷಗಳು ತುಂಬಿದ 1986ರಲ್ಲಿ ಹಂಪೆಯ ಸ್ಮಾರಕಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಟ್ಟಡದ ರಕ್ಷಣೆಗೆ ಇಂದು ಸರ್ಕಾರವಿದೆ, ಸಂತೋಷ. ಆದರೆ ಜಿನಕಂಚಿಯಲ್ಲಿ, ಆತನು ಮಂಟಪವನ್ನಷ್ಟೇ ಕಟ್ಟಿಸಿದ ಬಸದಿಯಲ್ಲಿ, ತಮಿಳು ಜೈನ ಬಂಧುಗಳು ಪೂಜೆಯನ್ನು ಉಳಿಸಿಕೊಂಡು ಬಂದಿದ್ದಾರೆ. ತನ್ನ ಊರಿನಲ್ಲಿ ಆರಿದ ದೀಪ ಪರನಾಡಿನಲ್ಲಿ ಉರಿಯುತ್ತಿದೆ. ಇದನ್ನು ನೆನೆದಾಗ ಸಂಕಟವೂ ಸಮಾಧಾನವೂ ಒಟ್ಟಿಗೆ ಆಗುತ್ತವೆ.

ಇಲ್ಲಿ ಒಂದು ಗೊಂದಲವನ್ನು ಪರಿಹರಿಸುವುದು ಅವಶ್ಯ. ಶ್ರವಣಬೆಳಗೊಳದ 1422ರ ಶಾಸನದಲ್ಲಿಯೂ ಇರುಗಪ್ಪ ದಂಡನಾಥನ ಹೆಸರಿರುವುದರಿಂದ ಇಬ್ಬರನ್ನೂ ಒಬ್ಬನೆಂದೇ ಕೆಲವರು ಬರೆಯುತ್ತಾರೆ. ಆತನು ಬೇರೆ. ನಮ್ಮ ಇರುಗಪ್ಪನ ಅಣ್ಣನಾದ ಮಂಗಪ್ಪನ ಮಗ. ಚಿಕ್ಕಪ್ಪನ ಹೆಸರನ್ನೇ ಹೊತ್ತವನು. ಚಿಕ್ಕಪ್ಪನು ಕುಂಥುನಾಥ ಸ್ವಾಮಿಯ ಜಿನಾಲಯವನ್ನು ಕಟ್ಟಿಸಿದ ಮೂವತ್ತಾರು ವರ್ಷಗಳಿಗೆ, ಆ ಮಗನು ಬೆಳಗೊಳ ಗ್ರಾಮವನ್ನೂ, ತಾನು ಮಾಡಿಸಿದ ಕೆರೆ ಮತ್ತು ತೋಟವನ್ನೂ ಶ್ರೀ ಗೊಮ್ಮಟೇಶ್ವರ ಸ್ವಾಮಿಯ ಸೇವೆಗೆ ಒಪ್ಪಿಸಿದನು.